ನಡುವಿನ ಗುಡಿಸಲಿಗೆ ಹೋಗದ ದಿನ

ಆ ಕಣಿವೆಯಲ್ಲಿ ಮೂರು ಗುಡಿಸಲುಗಳಿವೆ. ಮೇಲಿನದು ಘಾಟಿನ ತಲೆಯಲ್ಲಿ, ಟಾರು ರಸ್ತೆ ಮುಗಿಯುವ ಕಡೆ. ಕೆಳಗಿನದು ಹೊಳೆ ಕಾಡಿನಿಂದ ಹೊರಬಿದ್ದು ಭತ್ತದ ಗದ್ದೆಗಳ ನಡುವೆ ಅಗಲವಾಗುವ ಕಡೆ. ನಡುವಿನದು ಹೊಳೆಯ ದಾರಿ ಬಿಟ್ಟು ಅರ್ಧ ಗಂಟೆ ಏರು ಹತ್ತಿದರೆ ಸಿಗುವ ಒಂದು ಮಟ್ಟಸ ಜಾಗದಲ್ಲಿದೆ. ಬೆಳಿಗ್ಗೆ ಮೇಲಿನ ಗುಡಿಸಲಿನಲ್ಲಿ ಅವಲಕ್ಕಿ ತಿಂದು ಹೊರಟರೆ ಮಧ್ಯಾಹ್ನ ನಡುವಿನ ಗುಡಿಸಲಿನಲ್ಲಿ ಊಟ, ಸಂಜೆ ಕೆಳಗಿನದರಲ್ಲಿ ಚಹಾ, ಅಲ್ಲಿಂದ ಜೀಪು. ಪುಣೆಯಿಂದ ಅಲ್ಲಿಗೆ ನಡೆಯಲು ಹೋಗುವವರೆಲ್ಲ ಹೀಗೇ ಮಾಡುತ್ತಾರೆ. ನಾವು ನಾಲ್ವರೂ ಹಾಗೇ ಹೊರಟಿದ್ದೆವು. ನಡುವಿನ ಗುಡಿಸಲಿಗೆ ಮಾತ್ರ ಹೋಗಲಿಲ್ಲ. ಹೋಗದಂತೆ ಮಾಡಿದವಳು ನಾನು.

ನಾನು ಪುಣೆಯ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ವಾರವಿಡೀ ನಿಂತೇ ಇರುವ ಕೆಲಸ, ಆದರೂ ತಿಂಗಳಿಗೊಂದು ಭಾನುವಾರ ಬೆಟ್ಟಕ್ಕೆ ಹೋಗದಿದ್ದರೆ ಏನೋ ಕಳೆದುಕೊಂಡ ಹಾಗೆ ಅನಿಸುತ್ತದೆ. ನನ್ನ ಜೊತೆ ಬರುತ್ತಿದ್ದವರು ಮೂವರು. ಒಬ್ಬರು ದೌಂಡದ ಕಾಕಾ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ನಮ್ಮ ಅಪ್ಪನ ಕಡೆಯ ಊರಿನವರು, ಅರವತ್ತೈದು ದಾಟಿದ್ದರೂ ನಮ್ಮೆಲ್ಲರಿಗಿಂತ ಮುಂದೆ ನಡೆಯುವವರು. ಇನ್ನೊಬ್ಬಳು ನನ್ನ ವಯಸ್ಸಿನ ಗೆಳತಿ, ಉಡುಪಿ ಕಡೆಯವಳು. ಅವಳ ಗಂಡನ ಮನೆಯವರು ಮೂವತ್ತು ವರ್ಷದಿಂದ ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದಾರೆ. ಮೂರನೆಯವಳು ಬೆಂಗಳೂರಿನಿಂದ ಕೆಲಸಕ್ಕೆ ಬಂದ ಇಂಜಿನಿಯರ್ ಹುಡುಗಿ, ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಳು. ನಮ್ಮಲ್ಲಿ ಒಬ್ಬೊಬ್ಬರ ಕನ್ನಡ ಒಂದೊಂದು ಥರ. ನಡೆಯುವಾಗ ಅದೇ ಒಂದು ತಮಾಷೆ.

ಫೋನು ಮಾಡಿ ಎಲ್ಲ ಗೊತ್ತು ಮಾಡುವ ಕೆಲಸ ನನ್ನದು. ಆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಮೇಲಿನ ಗುಡಿಸಲಿನ ಯಜಮಾನ ಮಾತ್ರ ತನ್ನ ಅಂಗಳದ ಮೂಲೆಯಲ್ಲಿ ನಿಂತರೆ ಮಾತಾಡಬಲ್ಲ. ಮೂರು ದಿನ ಮೊದಲೇ ಅವನಿಗೆ ಹೇಳಿದ್ದೆ: ನಾಲ್ಕು ಜನ, ಒಂದು ಗಂಟೆಯ ಹೊತ್ತಿಗೆ ನಡುವಿನ ಗುಡಿಸಲಿನಲ್ಲಿ ಊಟ. ಕಾಕಾರಿಗೆ ಖಾರ ಆಗುವುದಿಲ್ಲ, ಎದೆ ಉರಿಯುತ್ತದೆ, ಒಬ್ಬರಿಗೆ ಖಾರ ಕಡಿಮೆ ಹಾಕಲು ಹೇಳು ಎಂದೂ ಸೇರಿಸಿದ್ದೆ. ಅವನು ಕೆಳಗಿಳಿದು ಹೋಗಿ ಅಲ್ಲಿಯ ಮುದುಕ ಮುದುಕಿಗೆ ಹೇಳಿ ಬರುತ್ತೇನೆಂದ.

ಮಳೆಗಾಲ ಮುಗಿದು ಹದಿನೈದು ದಿನ ಆಗಿರಬೇಕು. ಹೊಳೆಯಲ್ಲಿ ನೀರು ಇನ್ನೂ ಜೋರಾಗಿತ್ತು. ಬೆಳಿಗ್ಗೆ ಮೇಲಿನ ಗುಡಿಸಲಿನಲ್ಲಿ ಯಜಮಾನ ಇರಲಿಲ್ಲ, ಅವನ ಹೆಂಡತಿ ಅವಲಕ್ಕಿ ಬಡಿಸಿದಳು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದು, "ನಿನ್ನೆ ಸಂಜೀಗೆ ಹೋಗಿ ಹೇಳಿ ಬಂದಾರ. ಮುದುಕಿ ಕಾಯ್ತಿರ್ತಾಳ," ಎಂದಳು. ಅವಳು ಹೇಳಿದ್ದು ಮರಾಠಿಯಲ್ಲಿ. ಆ ದಿನ ಗುಡಿಸಲಿನವರು ಆಡಿದ ಮಾತೆಲ್ಲ ಮರಾಠಿಯೇ. ಆದರೆ ನನ್ನ ನೆನಪಿನಲ್ಲಿ ಅವೆಲ್ಲ ನಮ್ಮ ಮನೆಯ ಕನ್ನಡದಲ್ಲಿ ಉಳಿದಿವೆ, ಹಾಗೇ ಬರೆಯುತ್ತೇನೆ.

ಅವಳು ಹೇಳಿದ್ದನ್ನು ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ನನ್ನ ಕಾಲಲ್ಲಿ ಹೊಸ ಶೂ ಇದ್ದವು. ಹಿಂದಿನ ಸಲ ಬೆಂಗಳೂರಿನ ಹುಡುಗಿ ಹೊಸ ಶೂ ಹಾಕಿಕೊಂಡು ಬಂದು ಕುಂಟಿದಾಗ ನಾನು ಅವಳಿಗೆ ಕ್ಲಾಸಿನಲ್ಲಿ ಬೈಯುವ ಹಾಗೆ ಬೈದಿದ್ದೆ. ವಾರಗಟ್ಟಲೆ ಹಾಕಿ ರೂಢಿ ಮಾಡಿಕೊಳ್ಳದೆ ಬೆಟ್ಟಕ್ಕೆ ತರಬಾರದು, ಅಷ್ಟೂ ತಿಳಿಯುವುದಿಲ್ಲವೇ ಅಂತ. ಈ ಸಲ ನನ್ನ ಹಳೆಯ ಶೂಗಳ ಅಟ್ಟೆ ಕಿತ್ತುಹೋಗಿತ್ತು. ಎರಡು ದಿನದ ಹಿಂದೆ ಕೊಂಡ ಶೂಗಳನ್ನು, ಹಳೆಯವೆಂದು ಕಾಣಲಿ ಎಂದು, ಮಣ್ಣಿನಲ್ಲಿ ಉಜ್ಜಿ ಹಾಕಿಕೊಂಡಿದ್ದೆ. ಹತ್ತು ಗಂಟೆಗೇ ಎಡ ಹಿಮ್ಮಡಿ ಉರಿಯತೊಡಗಿತು. ಹನ್ನೊಂದಕ್ಕೆ ಬೊಬ್ಬೆ ಎದ್ದು ಒಡೆಯಿತು. ನಾನು ಬಾಯಿ ಬಿಡಲಿಲ್ಲ.

ದಾರಿ ಚೆನ್ನಾಗಿತ್ತು. ಅಳಲೆ ಮರ, ನೇರಳೆ ಮರಗಳ ನೆರಳು, ಕಲ್ಲುಗಳ ಮೇಲೆ ಪಾಚಿ, ಬಯಲು ಬಂದಲ್ಲಿ ಮೊಣಕಾಲುದ್ದ ಹಳದಿ ಹೂವು. ಹೋಟೆಲಿನ ಗೆಳತಿ ಹಾಡಿಕೊಳ್ಳುತ್ತ ನಡೆದಳು. ಕಾಕಾ ಪ್ರತಿ ತೊರೆಯ ಹತ್ತಿರ ನಿಂತು ಎಲ್ಲರೂ ದಾಟುವ ತನಕ ಕಾದು ಆಮೇಲೆ ಮುಂದೆ ಹೋಗುತ್ತಿದ್ದರು. ನನಗೆ ಇವೆಲ್ಲ ಆಮೇಲೆ ನೆನಪಾದವು. ಆಗ ನನ್ನ ಗಮನವೆಲ್ಲ ಎಡಗಾಲಿನ ಮೇಲಿತ್ತು.

ದಾರಿ ಕವಲೊಡೆಯುವ ಕಡೆ ಒಂದು ದೊಡ್ಡ ಮಡುವಿದೆ. ಅಲ್ಲಿಗೆ ಮುಟ್ಟಿದಾಗ ಒಂದು ಗಂಟೆ ಆಗಿಹೋಗಿತ್ತು. ಎಲ್ಲರೂ ಕಾಲು ನೀರಿಗೆ ಬಿಟ್ಟು ಕೂತೆವು. ನಾನು ಒಂದು ಬಂಡೆಯ ಮರೆಗೆ ಹೋಗಿ ಶೂ ಬಿಚ್ಚಿದೆ. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ತೊಳೆದು, ತಲೆಗೆ ಕಟ್ಟಿಕೊಂಡಿದ್ದ ಕೆಂಪು ದುಪಟ್ಟಾದಿಂದ ಒರೆಸಿ, ದುಪಟ್ಟಾ ಹಿಂಡಿ ಬಂಡೆಯ ಮೇಲೆ ಹರಡಿದೆ. ಎದುರಿಗೆ ನಡುವಿನ ಗುಡಿಸಲಿಗೆ ಹೋಗುವ ಏರು ಕಾಣುತ್ತಿತ್ತು. ಕಲ್ಲುಕಲ್ಲಿನ ಕಡಿದಾದ ದಾರಿ. ಹತ್ತುವುದೂ ಅದೇ, ಊಟ ಮಾಡಿ ಇಳಿಯುವುದೂ ಅದೇ. ನನ್ನಿಂದ ಆಗುವುದಿಲ್ಲ ಅನಿಸಿತು. ಕಾಲು ನೋಯುತ್ತದೆ ಎಂದರೆ ಶೂ ತೋರಿಸಬೇಕಾಗುತ್ತದೆ.

ಅಷ್ಟರಲ್ಲಿ ಬೆಂಗಳೂರಿನ ಹುಡುಗಿ ಮೊಬೈಲು ಹಿಡಿದು ಬಂದಳು. "ಅಕ್ಕ, ಈ ಆ್ಯಪ್‌ನಲ್ಲಿ ನದಿ ಪಕ್ಕದಲ್ಲೇ ಒಂದು ಟ್ರೇಲ್ ತೋರಿಸ್ತಾ ಇದೆ. ನೇರ ಕೆಳಗಿನ ಗುಡಿಸಲಿಗೇ ಹೋಗುತ್ತೆ. ಸುಮ್ನೆ ಹೇಳ್ದೆ ಅಷ್ಟೆ, ಊಟ ನಡುವಿನ ಗುಡಿಸಲಲ್ಲೇ ಅಲ್ವಾ ನಮ್ದು?"

"ಅದೇ ಒಳ್ಳೇದು," ಎಂದೆ ನಾನು. "ಹೊತ್ತಾಗೇದ. ಜೀಪು ತಪ್ಪಿದ್ರ ಕಷ್ಟ."

ಹೋಟೆಲಿನ ಗೆಳತಿ ತಿರುಗಿ ನೋಡಿದಳು. "ಊಟ ಹೇಳಿದ್ದುಂಟಲ್ಲ ಮಾರಾಯ್ತಿ. ಮಾಡಿಟ್ಟು ಕಾಯ್ತಾ ಇರ್ತಾರೆ. ಹೇಳಿದವರು ಬಾರದಿದ್ರೆ ಹೇಗಾಗ್ತದೆ ಅಂತ ನಂಗೆ ಗೊತ್ತುಂಟು."

ಕಾಕಾ ಕೇಳಿದರು, "ಪಕ್ಕಾ ಹೇಳಿದ್ದಿಲ್ಲೋ ಅವ್ವಾ?"

"ಇಲ್ರಿ ಕಾಕಾ," ಎಂದೆ. "ಆದ್ರ ಬರ್ತೇವಿ, ಇಲ್ಲಾಂದ್ರ ಇಲ್ಲ ಅಂತ ಹೇಳಿದ್ದೆ. ಅವರೇನ್ ಕಾಯೂದಿಲ್ರಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ನಾನು ಅದನ್ನು ಮೊದಲೇ ಯೋಚಿಸಿರಲಿಲ್ಲ. ಕಾಕಾ ಒಂದು ಕ್ಷಣ ನನ್ನ ಮುಖ ನೋಡಿ, "ಹಂಗಾರ ನಡೀರಿ," ಎಂದರು. ಚೀಲದಲ್ಲಿದ್ದ ಚಿಕ್ಕಿ, ಬಾಳೆಹಣ್ಣು ಹಂಚಿಕೊಂಡು ಹೊಳೆಯ ಪಕ್ಕದ ದಾರಿ ಹಿಡಿದೆವು. ಅವರ ಮನಸ್ಸು ಬದಲಾಗುವ ಮೊದಲೇ ಹೊರಡಬೇಕೆಂಬ ಅವಸರದಲ್ಲಿ ದುಪಟ್ಟಾ ಬಂಡೆಯ ಮೇಲೇ ಉಳಿಯಿತು.

ಮುಕ್ಕಾಲು ಗಂಟೆ ನಡೆದಿರಬೇಕು. ಹಿಂದೆ, ಬಹಳ ಮೇಲಿನಿಂದ, ಒಂದು ಕೂಗು ಕೇಳಿಸಿತು. ಉದ್ದವಾಗಿ ಎಳೆದ "ಓ" ಎನ್ನುವ ಕೂಗು. ಸ್ವಲ್ಪ ಬಿಟ್ಟು ಮತ್ತೊಮ್ಮೆ.

"ಯಾರೋ ಕರೀತಾ ಇದಾರೆ ಅಲ್ವಾ?" ಎಂದಳು ಹುಡುಗಿ.

"ದನಾ ಕಾಯೋರು," ಎಂದೆ.

ಮೂರನೆಯ ಸಲ ಕೇಳಿದಾಗ ನಾನು ಹೆಜ್ಜೆ ಜೋರು ಮಾಡಿದೆ. ಕಾಲಿನ ಉರಿ ಆಗ ಗೊತ್ತೇ ಆಗಲಿಲ್ಲ.

ನಾಲ್ಕು ಗಂಟೆಗೆ ಕೆಳಗಿನ ಗುಡಿಸಲು ಮುಟ್ಟಿದೆವು. ಅಲ್ಲಿದ್ದವಳು ಮೂವತ್ತೈದರ ಹೆಂಗಸು, ನಡುವಿನ ಗುಡಿಸಲಿನ ಮುದುಕ ಮುದುಕಿಯರ ಮಗಳು. ಅದು ನನಗೆ ಗೊತ್ತಿರಲಿಲ್ಲ. ಹಾಲಿಲ್ಲದ ಕರಿ ಚಹಾ ಕೊಡುತ್ತ, "ನಮ್ಮವ್ವನ ಕಡೆ ಊಟಾ ಆತಲ್ಲ?" ಎಂದು ಕೇಳಿದಳು.

ಕಾಕಾ ಹೇಳಿದರು, "ಇಲ್ಲವ್ವಾ, ಹೊಳಿ ದಂಡಿ ಹಿಡಿದು ಬಂದ್ವಿ."

ಅವಳು ಹೊಸ್ತಿಲಲ್ಲಿ ನಿಂತು ಕಾಡಿನ ಕಡೆ ನೋಡಿದಳು. ಒಳಗೆ ಹೋದಳು, ಮತ್ತೆ ಬಂದು ನೋಡಿದಳು.

ಐದಕ್ಕೆ ಜೀಪು ಬಂತು. ಚೀಲ ಎತ್ತಿಕೊಳ್ಳುತ್ತಿದ್ದೆವು. ಆಗ ಕಾಡಿನ ಬಾಯಿಂದ ಒಬ್ಬ ಮುದುಕ ಹೊರಬಂದ. ಸಣ್ಣ ಆಳು. ಎದೆಯ ತನಕ ಒದ್ದೆ, ಧೋತರ ಕಾಲಿಗೆ ಸುತ್ತಿಕೊಂಡಿತ್ತು, ಮೊಣಕೈ ತರಚಿ ರಕ್ತ ಸೋರಿತ್ತು. ಕೈಯಲ್ಲಿ ನನ್ನ ಕೆಂಪು ದುಪಟ್ಟಾ.

ನಮ್ಮನ್ನು ನೋಡಿ ನಿಂತ. ಬೆರಳು ಮಾಡಿ ಒಬ್ಬೊಬ್ಬರನ್ನೇ ಎಣಿಸಿದ. "ನಾಲ್ಕೂ ಮಂದಿ ಇದ್ದೀರಿ," ಎಂದ. ಎಂದವನೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮಗಳು ಓಡಿಬಂದು ತಲೆ ಒರೆಸಿದಳು. ಅವನು ಉಸಿರು ಹಿಡಿದು ಹಿಡಿದು ಹೇಳಿದ. ಎರಡು ಗಂಟೆಯಾದರೂ ನಾವು ಬರಲಿಲ್ಲ ಅಂತ ಮುದುಕಿ ಅವನನ್ನು ಕೆಳಗೆ ಕಳಿಸಿದಳು. ದಾರಿಯುದ್ದಕ್ಕೂ ಕೂಗುತ್ತ ಇಳಿದ. ಮಡುವಿನ ಹತ್ತಿರ ಯಾರೂ ಇಲ್ಲ, ಬಂಡೆಯ ಮೇಲೆ ಒಂದು ಬಟ್ಟೆ ಇತ್ತು. "ಕಾಲ್ ಜಾರಿ ಹೋದ್ರೋ ಏನೋ ಅನಿಸ್ತು. ಆ ಮಡುವಿನ್ಯಾಗ ಹಿಂದಕ ಮಂದಿ ಮುಳುಗಿ ಹೋಗ್ಯಾರ. ಇಳಿದು ನೋಡಿದೆ. ಬಡಿಗಿ ಹಾಕಿ ನೋಡಿದೆ. ಅಲ್ಲಿ ಸಿಗಲಿಲ್ಲ ಅಂತ ಕೆಳಗಿನ ಮಡುವಿಗೂ ಇಳಿದೆ. ಹಂಗೇ ಒಂದೊಂದು ನೋಡ್ಕೋತ ಬಂದೆ."

ಮಗಳು ಚಹಾ ತಂದು ಕೈಗಿಟ್ಟಳು. ಅವನು ಮುಂದುವರಿಸಿದ. "ಆಕಿ ಒಲಿ ಮುಂದ ಕುಂತಾಳ. ಕಡ್ಲಿಹಿಟ್ಟಿನ ಝುಣಕ ಎರಡು ಥರಾ ಮಾಡ್ಯಾಳ. ನಿಮ್ಮೊಳಗ ಒಬ್ಬರಿಗೆ ಖಾರ ನಡಿಯಂಗಿಲ್ಲಂತ, ಹೇಳಿ ಕಳಿಸಿದ್ರಲ್ಲ."

ಕಾಕಾ ಎತ್ತಿಕೊಂಡಿದ್ದ ಚೀಲ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ.

"ಕವಲಿನ್ಯಾಗ ದಾರಿ ತಪ್ಪಿದ್ರೇನು?" ಎಂದು ಮುದುಕ ಕೇಳಿದ. ದುಪಟ್ಟಾ ನನ್ನದೆಂದು ಹೇಗೋ ತಿಳಿದಿತ್ತು, ನನ್ನತ್ತ ಚಾಚಿದ್ದ.

"ಹೌದು ಬಾಬಾ," ಎಂದೆ. "ದಾರಿ ತಪ್ಪಿತು."

"ಅಲ್ಲಿ ಎಲ್ಲಾರಿಗೂ ತಪ್ಪತದ," ಎಂದು ಅವನು ನನ್ನನ್ನೇ ಸಮಾಧಾನ ಮಾಡಿದ.

ಮಗಳು ರಾತ್ರಿ ಇಲ್ಲೇ ಇರು, ಬಟ್ಟೆ ಬದಲಿಸು ಎಂದಳು. ಅವನು ಅರ್ಧ ಲೋಟ ಚಹಾ ಕುಡಿದು ಎದ್ದ. "ಆಕಿಗಿ ಗೊತ್ತಿಲ್ಲಲ್ಲ. ಹೋಗಿ ಹೇಳಬೇಕು." ಕಾಕಾ ತಮ್ಮ ಒಣ ಟವೆಲನ್ನು ಅವನ ಹೆಗಲ ಮೇಲೆ ಹಾಕಿದರು. ಜೀಪಿನವನು ಹಾರ್ನ್ ಹೊಡೆದ. ನಾವು ಹತ್ತಿದೆವು. ಮುದುಕ ಬಂದ ದಾರಿಯಲ್ಲೇ ತಿರುಗಿ ಹೋದ. ಅವನಿಗೆ ಇನ್ನೂ ಎರಡು ಗಂಟೆಯ ನಡಿಗೆ, ಆಮೇಲೆ ಆ ಏರು.

ಜೀಪಿನಲ್ಲಿ ಬೆಂಗಳೂರಿನ ಹುಡುಗಿ ಅಳತೊಡಗಿದಳು. "ಸಾರಿ ಅಕ್ಕ. ನಾನೇ ಶಾರ್ಟ್‌ಕಟ್ ಅಂದಿದ್ದು. ನಾನು ಆ ಆ್ಯಪ್ ತೋರಿಸ್ದೇ ಇದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ."

ಹೋಟೆಲಿನ ಗೆಳತಿ ಅವಳ ಬೆನ್ನು ತಟ್ಟಿದಳು. "ನಿನ್ನದೆಂತ ತಪ್ಪು. ಇವಳು ಹೇಳಿದ್ದು ಒಂದು, ಆ ಮೇಲಿನ ಗುಡಿಸಲಿನವನು ಅಲ್ಲಿ ಹೋಗಿ ಹೇಳಿದ್ದು ಇನ್ನೊಂದು."

ಹೇಳುವುದಾದರೆ ಅದೇ ಹೊತ್ತು. ಜೀಪು ಕುಲುಕುತ್ತಿತ್ತು, ಎಲ್ಲರ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು, ಒಂದೇ ಒಂದು ವಾಕ್ಯ ಸಾಕಿತ್ತು. ನಾನು ಹುಡುಗಿಯ ಕೈ ಹಿಡಿದು, "ಇರ್ಲಿ ಬಿಡು," ಎಂದೆ. ತಪ್ಪು ಅವಳದೇ, ನಾನು ಕ್ಷಮಿಸುತ್ತಿದ್ದೇನೆ ಎನ್ನುವ ಹಾಗೆ. ಇವತ್ತಿಗೂ ಆ ದಿನದ ನನ್ನ ಸುಳ್ಳುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದು. ಅದು ಸುಳ್ಳಿನ ಹಾಗೆ ಕಾಣುವುದೂ ಇಲ್ಲ.

ಕಾಕಾ ಊರು ಮುಟ್ಟುವ ತನಕ ಹೊರಗೆ ನೋಡುತ್ತ ಕೂತಿದ್ದರು.

ಮುಂದಿನ ವಾರ ಕ್ಲಾಸಿನಲ್ಲಿ ಬೋರ್ಡಿಗೆ ತಿರುಗಿದಾಗಲೆಲ್ಲ ಮುದುಕ ನೀರಿನಲ್ಲಿ ಬಡಿಗೆ ಹಾಕಿ ಹುಡುಕುವುದು ಕಣ್ಣಿಗೆ ಬರುತ್ತಿತ್ತು. ನಾನು ನೋಡಿರದ ದೃಶ್ಯ ಅದು. ನೋಡಿದ್ದಕ್ಕಿಂತ ಸ್ಪಷ್ಟವಾಗಿತ್ತು. ಅವನ ಕಾಲು ಜಾರಿದ್ದರೆ? ಮನೆಯಲ್ಲಿ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತ ಹೆಂಗಸು ನೆನಪಾಗುತ್ತಿದ್ದಳು. ಅವಳ ಮುಖ ನನಗೆ ಗೊತ್ತಿರಲಿಲ್ಲ. ಕಾಕಾರಿಗೆ ಎರಡು ಸಲ ಫೋನು ಮಾಡಿದೆ. ನೆಗಡಿ ಆಗಿದೆ ಎಂದು ಬೇಗ ಇಟ್ಟುಬಿಟ್ಟರು.

ಎರಡನೆಯ ಭಾನುವಾರ ರೈಲು ಹತ್ತಿ ದೌಂಡಕ್ಕೆ ಹೋದೆ. ಕಾಕಾ ಮನೆಯ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದರು. ನೆಗಡಿಯೇನೂ ಇದ್ದ ಹಾಗೆ ಕಾಣಲಿಲ್ಲ. ಅವರ ಹೆಂಡತಿ ಕಾಕು ನೀರು ಕೊಟ್ಟು ಒಳಗೆ ಹೋದ ಮೇಲೆ ಎಲ್ಲ ಹೇಳಿದೆ: ಪಕ್ಕಾ ಹೇಳಿದ್ದು, ಹಿತ್ತಲಿನಲ್ಲಿ ಆ ಹೆಂಗಸು ಅಂದದ್ದು, ಶೂ, ಎಲ್ಲ.

ಕಾಕಾ ಪೇಪರು ಮಡಚಿದರು. "ನನಗ ಗೊತ್ತಿತ್ತು ಅವ್ವಾ. ನನಗ ಖಾರ ಆಗಂಗಿಲ್ಲ ಅನ್ನೂದು ಆ ಮುದುಕಗ ಯಾರು ಹೇಳ್ತಾರ, ನೀ ಬಿಟ್ಟು?"

"ಮತ್ತ ಆವಾಗ ಯಾಕ ಕೇಳಲಿಲ್ರಿ?"

"ನೀನಾಗಿ ಹೇಳ್ತಿ ಅಂತ ನೋಡ್ಕೋತ ಕುಂತೆ. ಆ ಹುಡುಗಿ ಅಳೂವಾಗರೆ ಹೇಳ್ತಿ ಅನ್ಕೊಂಡೆ." ಪೇಪರನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು. "ಕಾಲು ನೋಯ್ತದ ಅಂದಿದ್ರ ಮುಗೀತಿತ್ತು. ನಿನ್ನ ಅಲ್ಲೇ ಕುಂಡ್ರಿಸಿ ನಾವು ಹೋಗಿ ಬುತ್ತಿ ತರ್ತಿದ್ವಿ. ಅಷ್ಟಕ್ಕ ಇಷ್ಟೆಲ್ಲಾ."

ನಾನು ನೀರಿನ ಲೋಟ ಕೆಳಗಿಟ್ಟೆ.

"ಆ ಕೂಗು ನನಗೂ ಕೇಳಿತ್ತು," ಎಂದರು ಕಾಕಾ. "ಮೂವತ್ತು ವರ್ಷ ಗಾಡಿ ಬಿಡೂ ಮುಂಚೆ ಹಿಂದ ತಿರುಗಿ ನೋಡೂದೇ ನನ್ನ ಕೆಲಸ ಇತ್ತು. ಅವತ್ತು ನಾನೂ ತಿರುಗಿ ನೋಡಲಿಲ್ಲ. ಹಸಿವಿಗೋ ಬ್ಯಾಸರಕ್ಕೋ, ನಡೀಲಿ ಅಂದುಬಿಟ್ಟೆ. ಬರೇ ನಿನ್ನ ಮ್ಯಾಲೆ ಹಾಕಂಗಿಲ್ಲ ನಾ."

ಅವರು ಹಾಗೆ ಪಾಲು ತೆಗೆದುಕೊಂಡದ್ದರಿಂದ ನನ್ನ ಪಾಲೇನೂ ಕಡಿಮೆಯಾಗಲಿಲ್ಲ. ಹೊರಡುವಾಗ ಅವರೇ ಹೇಳಿದರು: "ಮೊದಲ ಆ ಹುಡುಗಿಗೆ ಹೇಳು. ಆಮ್ಯಾಲೆ ಇಬ್ಬರೂ ಅಲ್ಲಿ ಹೋಗಿ ಬರೂಣು."

ಅವತ್ತು ಸಂಜೆಯೇ ಮೇಲಿನ ಮಹಡಿಗೆ ಹೋಗಿ ಹುಡುಗಿಗೆ ಹೇಳಿದೆ. ಅವಳು ಬಾಗಿಲು ಹಿಡಿದೇ ಕೇಳಿದಳು. ಕೊನೆಗೆ, "ನಾನು ಎರಡು ವಾರದಿಂದ ಸರಿಯಾಗಿ ಊಟಾನೇ ಮಾಡಿಲ್ಲ ಅಕ್ಕ," ಎಂದಳು. ಬೈಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಈಗಲೂ ನಗುತ್ತಾಳೆ. ಆದರೆ ನಮ್ಮ ಜೊತೆ ಮತ್ತೆ ಬೆಟ್ಟಕ್ಕೆ ಬರಲಿಲ್ಲ. ಹೋಟೆಲಿನ ಗೆಳತಿಗೆ ಫೋನಿನಲ್ಲಿ ಹೇಳಿದೆ. ಅವಳು, "ಆ ಮೇಲಿನ ಗುಡಿಸಲಿನವನಿಗೆ ನಾನು ಸುಮ್ಮನೆ ಬೈದೆ ನೋಡು," ಎಂದಳು ಅಷ್ಟೇ.

ಮುಂದಿನ ವಾರ ಕಾಕಾ ಮತ್ತು ನಾನು ಹೋದೆವು. ಹಳೆಯ ಚಪ್ಪಲಿ ಹಾಕಿಕೊಂಡು ಆ ಏರು ಹತ್ತಿದೆ. ಅವತ್ತು ಅಂದುಕೊಂಡಷ್ಟು ಕಡಿದಾಗಿಯೂ ಇರಲಿಲ್ಲ. ಕಾಕಾ ಅಂಗಳದ ಆಚೆ ಮರದ ಕೆಳಗೆ ಕೂತು, "ನೀ ಹೋಗು," ಎಂದರು.

ಮುದುಕಿ ಬಾಗಿಲಲ್ಲಿ ರಾಗಿ ಹಸನು ಮಾಡುತ್ತಿದ್ದಳು. ದಪ್ಪ ಕನ್ನಡಕ, ಕೆನ್ನೆಯ ಮೇಲೆ ಹಚ್ಚೆ. "ಊಟಕ್ಕೇನು?" ಎಂದಳು. "ಹೇಳಿ ಕಳಿಸಿಲ್ಲ, ಏನೂ ಮಾಡಿಲ್ಲ ಇವತ್ತು."

ಊಟಕ್ಕಲ್ಲ ಎಂದೆ. ಅವಳ ಪಕ್ಕದಲ್ಲಿ ಕೂತು ನನ್ನ ಮರಾಠಿಯಲ್ಲಿ ಹೇಳತೊಡಗಿದೆ. ದಿನವೂ ಆಡುವ ಭಾಷೆ, ಆದರೂ ಅವತ್ತು ತಡವರಿಸಿತು. ದಾರಿ ತಪ್ಪಲಿಲ್ಲ, ಬೇಕಂತಲೇ ಬರಲಿಲ್ಲ, ನೀನು ಕಾಯುತ್ತಿರುವುದು ನನಗೆ ಗೊತ್ತಿತ್ತು ಎಂದೆ. ಅವಳ ಕೈ ಮೊರದ ಮೇಲೆ ನಿಂತಿತು.

"ರೊಟ್ಟಿ ಹೋಗ್ಲಿ," ಎಂದಳು. "ಆಡುಗಳಿಗೆ ಹಾಕಿದೆ, ತಿಂದ್ವು. ನಮ್ಮ ಮುದುಕನ್ನ ಕೆಳಗ ಕಳಿಸಿದ್ದು ನಾನು. ನೀರಿಗೆ ಇಳೀಬ್ಯಾಡ ಅಂತ ಹೇಳಿರಲಿಲ್ಲ. ಕತ್ತಲಾತು, ಬರಲಿಲ್ಲ. ನಿಮ್ಮನ್ನ ನಾ ನೆನಸಲೇ ಇಲ್ಲ ಆವಾಗ. ನಾ ಕಳಿಸಿದೆ, ನಾ ಕಳಿಸಿದೆ ಅಂತ ಅದೊಂದೇ. ಬಂದ ಮ್ಯಾಲೆ ಎಂಟು ದಿನ ಜ್ವರ."

"ತಪ್ಪಾತು ಆಜಿ," ಎಂದೆ.

"ಆತು. ಹೇಳಿದ್ಯಲ್ಲ." ಅವಳು ಮತ್ತೆ ಮೊರ ಎತ್ತಿಕೊಂಡಳು. ಕೇರುತ್ತ ಕೇರುತ್ತ, ನನ್ನ ಕಡೆ ನೋಡದೆ, "ಅವಗ ಮಾತ್ರ ಹೇಳಬ್ಯಾಡ," ಎಂದಳು.

ನನಗೆ ಅರ್ಥವಾಗಲಿಲ್ಲ. ಅವನ ಕ್ಷಮೆ ಕೇಳಬೇಕೆಂದೇ ಬಂದಿದ್ದೇನೆ ಎಂದೆ.

"ಬ್ಯಾಡ," ಎಂದಳು. "ದಾರಿ ತಪ್ಪಿದ ನಾಲ್ಕು ಮಂದೀನ ಹುಡುಕಿದೆ ಅಂತ ಬಂದವರಿಗೆಲ್ಲಾ ಹೇಳ್ತಾನ. ಜ್ವರದಾಗೂ ಅದೇ ಹೇಳ್ತಿದ್ದ. ನೀ ಈಗ ಅದು ಹಂಗಲ್ಲ ಅಂದ್ರ, ಅವ ಸುಮ್ನ ನೀರಿಗೆ ಬಿದ್ದಂಗಾತು. ನಿನ್ನ ಭಾರ ನೀನೇ ಹೊರು."

ಮಧ್ಯಾಹ್ನದ ಹೊತ್ತಿಗೆ ಮುದುಕ ಆಡುಗಳನ್ನು ಹೊಡೆದುಕೊಂಡು ಬಂದ. ಸೊರಗಿದ್ದ, ನಡುನಡುವೆ ಕೆಮ್ಮುತ್ತಿದ್ದ. ಕಾಕಾರನ್ನು ಗುರುತು ಹಿಡಿದು, ಟವೆಲು ಒಗೆದಿಟ್ಟಿದ್ದೇನೆ ಎಂದು ಒಳಗಿನಿಂದ ತಂದುಕೊಟ್ಟ. ಆಮೇಲೆ ಕೂತು ಹೇಳತೊಡಗಿದ: ಹೇಗೆ ಬಂಡೆಯ ಮೇಲೆ ಬಟ್ಟೆ ಕಂಡಿತು, ಮೊದಲ ಮಡುವಿನಲ್ಲಿ ನೀರು ಎಷ್ಟು ತಣ್ಣಗಿತ್ತು, ಎರಡನೆಯದರಲ್ಲಿ ಬಡಿಗೆಗೆ ಏನೋ ತಾಗಿ ಎದೆ ಹೇಗೆ ಧಸಕ್ಕೆಂದಿತು. ಅದು ಕೊಳೆತ ಮರದ ಕೊರಡು ಅಂತೆ. ಕಾಕಾ ತಲೆ ಬಗ್ಗಿಸಿ ಕೇಳುತ್ತಿದ್ದರು. ಮುದುಕಿ ಒಲೆ ಹೊತ್ತಿಸಿ, ಯಾರೂ ಹೇಳದೆಯೇ ಹಿಟ್ಟು ನಾದತೊಡಗಿದ್ದಳು.

"ಆ ಕವಲಿನ್ಯಾಗೇ ತಪ್ಪಿದ್ದಲ್ಲ ನೀವು?" ಎಂದು ಅವನು ನನ್ನನ್ನು ಕೇಳಿದ.

ಮುದುಕಿಯ ಕೈ ಹಿಟ್ಟಿನಲ್ಲಿ ನಿಂತಿತು. ತಿರುಗಿ ನೋಡಲಿಲ್ಲ.

"ಹೌದು ಬಾಬಾ," ಎಂದೆ. "ಅಲ್ಲೇ ತಪ್ಪಿದ್ದು."

ಅವನು ತೃಪ್ತಿಯಿಂದ ತಲೆಯಾಡಿಸಿದ. ಮೂರನೆಯ ಮಡುವಿನ ಸುದ್ದಿ ಇನ್ನೂ ಹೇಳಿರಲಿಲ್ಲವಂತೆ, ಕಾಕಾರ ಕಡೆ ತಿರುಗಿ ಅದನ್ನು ಶುರು ಮಾಡಿದ.